‘ಟಿಕ್’ ಅನ್ನದ ಕಾರು

ಕೀ ತಿರುಗಿಸಿದರೆ ಒಂದೇ ಏಟಿಗೆ ಸ್ಟಾರ್ಟ್ ಆಗುತ್ತಿತ್ತು. ಮೂರು ಸಿಲಿಂಡರಿನ 796 ಸಿಸಿ ಎಂಜಿನ್ ಗುರ್ ಎಂದು, ಎರಡು ಸಲ ಕೆಮ್ಮಿ, ತಣ್ಣಗಾಗುತ್ತಿತ್ತು. ಅದು 1994ರ ಮಾರುತಿ 800, ಕಾರ್ಬೊರೇಟರ್ ಕಾಲದ್ದು. ಮೈಸೂರಿನ ನಿವೃತ್ತ ಮೇಷ್ಟ್ರೊಬ್ಬರು ಅದನ್ನು ಮಾರಲು ಒಪ್ಪದೆ ಉಳಿಸಿಕೊಂಡಿದ್ದರು. ಮಗಳ ಮನೆಗೆ ಹೋದವರು ತಿಂಗಳು ಕಳೆದು ಹಿಂತಿರುಗಿದ ದಿನವೇ ಈ ಕಾಟ ಶುರುವಾಗಿತ್ತು.

ಸ್ಟಾರ್ಟೇ ಆಗದ ಗಾಡಿಯನ್ನಾದರೂ ನಂಬಬಹುದು. ಸ್ಟಾರ್ಟ್ ಆಗಿ ನಿಲ್ಲುವ ಗಾಡಿ ಪ್ರತಿಸಲವೂ ಆಸೆ ಹುಟ್ಟಿಸಿ ಕೈಬಿಡುತ್ತದೆ. ಮೊದಲ ಮೆಕ್ಯಾನಿಕ್ ಮೂರೂ ಪ್ಲಗ್ ಬದಲಿಸಿದ. ಎರಡನೆಯವನು ಪೆಟ್ರೋಲ್ ಫಿಲ್ಟರ್ ಹಾಕಿ, ಪಂಪ್ ಬಿಚ್ಚಿ ನೋಡಿದ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಕಾರ್ಬೊರೇಟರ್ ಕಿಟ್ ಕೂಡ ಬಂತು. ಕಾರು ಮಾತ್ರ ಕೆಮ್ಮಿ ನಿಲ್ಲುವುದನ್ನು ಬಿಡಲಿಲ್ಲ. ಕೊನೆಗೆ ಅದನ್ನು ತಳ್ಳಿಸಿಕೊಂಡು ಬಂದು ಹಳೆಯ ಮೇಸ್ತ್ರಿಯೊಬ್ಬನ ಶೆಡ್ಡಿನ ಮುಂದೆ ನಿಲ್ಲಿಸಿದರು.

ಮೇಸ್ತ್ರಿ ಸ್ಪ್ಯಾನರ್ ಮುಟ್ಟಲಿಲ್ಲ. ಸೀಟಿನಲ್ಲಿ ಕೂತು ಸ್ಟಾರ್ಟ್ ಮಾಡಿ, ಆಕ್ಸಿಲರೇಟರನ್ನು ಅರ್ಧ ಒತ್ತಿ ಹಿಡಿದ. ಎಂಜಿನ್ ಓಡಿತು! ಕಾಲು ಎತ್ತಿದ್ದೇ ತಡ, ಸತ್ತಿತು. ಹತ್ತು ಸಲ ಮಾಡಿದರೂ ಅಷ್ಟೇ. ಅಲ್ಲಿಗೆ ಕಿಡಿ ಸರಿಯಿದೆ, ಪೆಟ್ರೋಲೂ ಬರುತ್ತಿದೆ ಎಂದಾಯಿತು. ಮತ್ತೆ ಐಡ್ಲಿಂಗಿಗೆ ಮಾತ್ರ ಏನಾಗಿದೆ? ಶೆಡ್ಡಿನ ಹುಡುಗನನ್ನು ಸೀಟಿನಲ್ಲಿ ಕೂರಿಸಿ, ಆಕ್ಸಿಲರೇಟರ್ ಮೆಲ್ಲಗೆ ಇಳಿಸುತ್ತಾ ಬರಲು ಹೇಳಿ, ತಾನು ಪೆಟ್ರೋಲ್-ಗಾಳಿಯ ಹದ ಬದಲಿಸುವ ಮಿಕ್ಸ್ಚರ್ ಸ್ಕ್ರೂ ತಿರುಗಿಸಿದ. ಒಳಕ್ಕೆ ತಿರುಗಿಸಿದರೂ ಅಷ್ಟೇ, ಹೊರಕ್ಕೆ ತಿರುಗಿಸಿದರೂ ಅಷ್ಟೇ.

“ನಾನು ತಿರುಗಿಸ್ತಿರೋದು ಇದಕ್ಕೆ ಗೊತ್ತೇ ಆಗ್ತಿಲ್ಲ ಸಾರ್,” ಅಂದ.

“ಹಾಗಂದ್ರೆ?” ಮೇಷ್ಟ್ರು ಕೇಳಿದರು.

“ಅದೇ ನಂಗೂ ಗೊತ್ತಾಗ್ತಿಲ್ಲ.”

ಅಂದು ಸಂಜೆವರೆಗೂ ಕಾರ್ಬೊರೇಟರ್ ಬಿಚ್ಚಿ ಕೂತ. ಐಡ್ಲಿಂಗಿನ ಸ್ಲೋ ಜೆಟ್ಟನ್ನು ಬೆಳಕಿಗೆ ಹಿಡಿದರೆ ತೂತಿನ ಆಚೆ ಆಕಾಶ ಕಂಡಿತು. ಕಸವಿಲ್ಲ, ಕಟ್ಟಿಲ್ಲ. ಮರುದಿನ ಎಲ್ಲಿಂದಾದರೂ ಗಾಳಿ ಎಳೆಯುತ್ತಿದೆಯೇ ಎಂದು ವ್ಯಾಕ್ಯೂಮ್ ಪೈಪುಗಳನ್ನು ಒಂದೊಂದಾಗಿ ಬೆರಳಿಂದ ಮುಚ್ಚಿ ನೋಡಿದ. ಮ್ಯಾನಿಫೋಲ್ಡಿನ ನಟ್ಟುಗಳನ್ನು ಬಿಗಿ ಮಾಡಿದ. ಪಕ್ಕದ ಶೆಡ್ಡಿನ ವೆಲ್ಡಿಂಗು, ಗ್ರೈಂಡರಿನ ಕಿರುಚಾಟದ ನಡುವೆ ಕಾರು ಮತ್ತೆ ಕೆಮ್ಮಿ ನಿಂತಿತು.

ಮೂರನೆಯ ದಿನ ಕರೆಂಟ್ ಹೋಯಿತು. ಗ್ರೈಂಡರ್ ನಿಂತು ಇಡೀ ಸಾಲು ಮೌನವಾಯಿತು. ಆಯಿಲ್ ಬದಲಿಸಲು ಬಂದಿದ್ದ ಅಂಥದೇ ಇನ್ನೊಂದು ಹಳೆಯ 800ರಲ್ಲಿ ಹುಡುಗ ಆಯಿಲ್ ಲೈಟ್ ನೋಡಲು ಕೀಯನ್ನು ಆನ್‌ಗಷ್ಟೇ ತಿರುಗಿಸಿದ. ಬಾನೆಟ್ಟಿನೊಳಗೆ ‘ಟಿಕ್’ ಎಂದಿತು.

ಟೀ ಕುಡಿಯುತ್ತಿದ್ದ ಮೇಸ್ತ್ರಿಯ ಕೈ ಅರ್ಧದಲ್ಲೇ ನಿಂತಿತು.

“ಇನ್ನೊಂದ್ಸಲ ತಿರುಗ್ಸೋ.”

“ಏನಣ್ಣ?”

“ಕೀ ಕಣೋ, ಕೀ!”

ಟಿಕ್.

ಲೋಟ ಇಟ್ಟು ಮೇಷ್ಟ್ರ ಕಾರಿನತ್ತ ಓಡಿದ. ಕಾರ್ಬೊರೇಟರಿಗೆ ಕಿವಿ ಹಚ್ಚಿ ಹುಡುಗನಿಗೆ ಸನ್ನೆ ಮಾಡಿದ. ಕೀ ತಿರುಗಿತು, ಸದ್ದಿಲ್ಲ. ಮತ್ತೆ ತಿರುಗಿತು, ಆಗಲೂ ಇಲ್ಲ. ಕಾರ್ಬೊರೇಟರಿನ ಪಕ್ಕದಲ್ಲಿ ಹೆಬ್ಬೆರಳ ಗಾತ್ರದ ಸೊಲೆನಾಯ್ಡ್ ಇತ್ತು. ಅದಕ್ಕೆ ಬರುವ ವೈರಿಗೆ ಟೆಸ್ಟ್ ಲ್ಯಾಂಪ್ ಹಿಡಿದ. ಉರಿಯಲಿಲ್ಲ. ಬ್ಯಾಟರಿಯಿಂದ ನೇರ ಒಂದು ವೈರ್ ತಂದು ತಾಗಿಸಿದ. ಟಿಕ್! ಸ್ಟಾರ್ಟ್ ಮಾಡಿ ಕಾಲು ತೆಗೆದರೆ, ಎಂಜಿನ್ ನಿಲ್ಲಲೇ ಇಲ್ಲ. ಎಷ್ಟೋ ದಿನದ ಮೇಲೆ ಅದು ತನ್ನ ಪಾಡಿಗೆ ತಾನು ಓಡುತ್ತಿತ್ತು.

ಕಾಲು ಎತ್ತಿದಾಗ ಥ್ರಾಟಲ್ ಬಹುತೇಕ ಮುಚ್ಚಿ, ಮೇನ್ ಜೆಟ್ಟಿನಿಂದ ಪೆಟ್ರೋಲ್ ಎಳೆಯುವಷ್ಟು ಗಾಳಿಯ ಸೆಳೆತ ಉಳಿಯುವುದಿಲ್ಲ. ಆಗ ಎಂಜಿನ್ನಿಗೆ ಗತಿ ಸ್ಲೋ ಜೆಟ್ಟಿನ ಸಣ್ಣ ದಾರಿಯೊಂದೇ. ಆ ದಾರಿಗೆ ಸೊಲೆನಾಯ್ಡ್ ಬಾಗಿಲು. ಕೀ ಆನ್ ಆದರೆ ಕರೆಂಟ್ ಅದರ ಪಿನ್ನನ್ನು ಹಿಂದಕ್ಕೆಳೆದು ದಾರಿ ತೆರೆಯುತ್ತದೆ. ಆಫ್ ಆದರೆ ಸ್ಪ್ರಿಂಗ್ ಮುಚ್ಚುತ್ತದೆ, ಬಿಸಿ ಎಂಜಿನ್ ಕೀ ತೆಗೆದ ಮೇಲೂ ಓಡುತ್ತಿರಬಾರದೆಂದು. ಮೇಷ್ಟ್ರ ಕಾರಿನಲ್ಲಿ ಬಾಗಿಲು ಸದಾ ಮುಚ್ಚಿತ್ತು. ಚೋಕ್ ಎಳೆದು ಪೆಡಲ್ ಒತ್ತಿದಾಗ ಚಿಮ್ಮಿದ ಪೆಟ್ರೋಲಿಗೆ ಎಂಜಿನ್ ಹೊತ್ತಿಕೊಂಡು, ಅದು ಮುಗಿದೊಡನೆ ನಿಲ್ಲುತ್ತಿತ್ತು.

ವೈರಿಂಗಿನ ಟೇಪ್ ಬಿಚ್ಚುತ್ತಾ ಹೋದ ಮೇಸ್ತ್ರಿಗೆ ಫೈರ್‌ವಾಲ್ ಬಳಿ, ಮೇಲಿನಿಂದ ಕಾಣದ ತಿರುವಿನಲ್ಲಿ, ಇಲಿ ಕಡಿದ ತುದಿ ಸಿಕ್ಕಿತು. ಕಾರು ತಿಂಗಳಿಡೀ ಅಲುಗಾಡದೆ ನಿಂತಿದ್ದಾಗ ಅದರ ಬಾನೆಟ್ಟಿನಡಿ ಸಂಸಾರ ಹೂಡಿತ್ತು ಆ ಇಲಿ. ಮೇಸ್ತ್ರಿ ಗೇಣುದ್ದದ ಹೊಸ ವೈರ್ ಸೇರಿಸಿ ಟೇಪ್ ಸುತ್ತಿದ. ಅಂದು ಸಂಜೆ ಮೇಷ್ಟ್ರು ತಾವೇ ಓಡಿಸಿಕೊಂಡು ಮನೆಗೆ ಹೋದರು.