ಓಡುವ ನಾಯಿಯ ಪಟ

ನಮ್ಮ ಮನೆಯ ನಾಯಿ ಮೋತಿಯು ಹದಿಮೂರು ವರುಷ ನಮ್ಮೊಡನಿದ್ದು ಕಳೆದ ಮಳೆಗಾಲದಲ್ಲಿ ತೀರಿಹೋಯಿತು. ಅದು ಮಲಗಿರುವ ಪಟಗಳು ನಮ್ಮಲ್ಲಿ ಹಲವಿವೆ. ಓಡುವ ಪಟವು ಒಂದೇ. ಅದರಲ್ಲಿಯೂ ಕಂದುಬಣ್ಣದ ಗೆರೆಯೊಂದರ ಹೊರತು ಬೇರೇನೂ ಕಾಣದು. ಓಟವೇ ಮೋತಿಯ ಆನಂದವಾಗಿದ್ದುದರಿಂದ ಈ ಕೊರತೆಯು ಮಕ್ಕಳಿಗೆ ಬಹಳ ವ್ಯಥೆಯನ್ನುಂಟುಮಾಡಿದೆ. ಇತರರಿಗೆ ಹೀಗಾಗಬಾರದೆಂದು ನಾನು ತಡವಾಗಿ ಕಲಿತದ್ದನ್ನು ಇಲ್ಲಿ ಬರೆಯುವೆನು.

ಮೊದಲು ಕಾರಣವನ್ನು ತಿಳಿಯೋಣ. ಕ್ಯಾಮೆರಾದ ಷಟರು ತೆರೆದಿರುವಷ್ಟು ಕಾಲದಲ್ಲಿ ನಾಯಿಯು ಎಷ್ಟು ಸರಿಯುವುದೋ ಪಟವು ಅಷ್ಟು ಮಸುಕಾಗುವುದು. ಸೆಕೆಂಡಿಗೆ 10 ಮೀಟರು ಓಡುವ ನಾಯಿಯು ಸೆಕೆಂಡಿನ 1/50 ಭಾಗದಲ್ಲಿ 20 ಸೆಂಟಿಮೀಟರು ಸರಿಯುವುದು. 1/1000 ಭಾಗದಲ್ಲಾದರೋ 1 ಸೆಂಟಿಮೀಟರು ಮಾತ್ರ. ಆದಕಾರಣ ಷಟರಿನ ವೇಗವನ್ನು 1/1000 ಅಥವಾ ಅದಕ್ಕೂ ಹೆಚ್ಚಾಗಿ ಇಡತಕ್ಕದ್ದು. ಇಷ್ಟು ಅಲ್ಪಕಾಲದಲ್ಲಿ ಸಾಕಷ್ಟು ಬೆಳಕು ಒಳಸೇರಬೇಕಾದುದರಿಂದ ಬಿಸಿಲುಳ್ಳ ಬೆಳಗು ಅಥವಾ ಸಾಯಂಕಾಲವೇ ತಕ್ಕ ಸಮಯ. ನಡುಹಗಲಿನ ಕಾದ ನೆಲವು ನಾಯಿಯ ಅಂಗಾಲನ್ನು ಸುಡುವುದು.

1878ರಲ್ಲಿ ಅಮೇರಿಕದ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬವರು ಓಟದ ದಾರಿಯ ಬದಿಯಲ್ಲಿ ಕ್ಯಾಮೆರಾಗಳನ್ನು ಸಾಲಾಗಿಟ್ಟು, ಓಡುವ ಕುದುರೆಯ ನಾಲ್ಕು ಕಾಲುಗಳೂ ಒಮ್ಮೆಗೇ ನೆಲವನ್ನು ಬಿಡುವುದನ್ನು ಪಟಗಳಲ್ಲಿ ತೋರಿಸಿದರು. ಆಗ ಕಾಲುಗಳು ಹೊಟ್ಟೆಯ ಕೆಳಗೆ ಮಡಚಿಕೊಂಡಿರುತ್ತವೆ. ನಮ್ಮ ಮುಧೋಳದ ಬೇಟೆನಾಯಿಯಂತಹವು ನಾಗಾಲೋಟದಲ್ಲಿ ಕಾಲುಗಳನ್ನು ಮಡಚಿದಾಗ ಒಮ್ಮೆ, ಚಾಚಿದಾಗ ಇನ್ನೊಮ್ಮೆ ನೆಲವನ್ನು ಬಿಡುತ್ತವೆ. ಸೆರೆಹಿಡಿಯತಕ್ಕ ಕ್ಷಣಗಳು ಇವೇ.

ಮೈಬ್ರಿಜರು ಕುದುರೆಯನ್ನು ಬೆನ್ನಟ್ಟಲಿಲ್ಲ. ಅದು ಬರುವ ಸ್ಥಳವನ್ನು ಮೊದಲೇ ಗೊತ್ತುಮಾಡಿ ಕಾದರು. ನಾವೂ ಹಾಗೆಯೇ ಮಾಡಬೇಕು. ವಾಹನಗಳು ಬಾರದ ಬಯಲಿನಲ್ಲಿ ಒಬ್ಬರು ನಾಯಿಯನ್ನು ಹಿಡಿದು ನಿಲ್ಲಲಿ; ಅದಕ್ಕೆ ಪ್ರಿಯರಾದ ಇನ್ನೊಬ್ಬರು ಎದುರುಗಡೆಯಿಂದ ಕರೆಯಲಿ. ಪಟ ತೆಗೆಯುವವರು ಸೂರ್ಯನಿಗೆ ಬೆನ್ನುಮಾಡಿ, ನಾಯಿಯ ಕಣ್ಣಿನ ಮಟ್ಟಕ್ಕೆ ಬರುವಂತೆ ನೆಲದಲ್ಲಿಯೇ ಕುಳಿತುಕೊಳ್ಳಬೇಕು. ಓಟದ ದಾರಿಯಲ್ಲಿ ಒಂದು ಗುರುತನ್ನಿಟ್ಟು ಫೋಕಸನ್ನು ಅಲ್ಲಿಗೇ ನಿಲ್ಲಿಸಿ, ನಾಯಿಯು ಗುರುತನ್ನು ಸಮೀಪಿಸುವುದಕ್ಕೆ ತುಸು ಮುಂಚೆಯೇ ಗುಂಡಿಯನ್ನು ಒತ್ತಬೇಕು. ಮೊಬೈಲ್ ಫೋನಿನಲ್ಲಾದರೆ ಒಂದರ ಹಿಂದೊಂದು ಪಟಗಳನ್ನು ತೆಗೆಯುವ ಸೌಕರ್ಯವನ್ನು ಉಪಯೋಗಿಸಬಹುದು.

ಬೆಳಕು ಕಡಿಮೆಯಾದರೆ ಇನ್ನೊಂದು ಉಪಾಯವುಂಟು. ಷಟರನ್ನು 1/60ಕ್ಕೆ ಇಟ್ಟು, ಅಡ್ಡಲಾಗಿ ಓಡುವ ನಾಯಿಯೊಡನೆ ಕ್ಯಾಮೆರಾವನ್ನೂ ಅದೇ ವೇಗದಿಂದ ತಿರುಗಿಸುತ್ತ ಪಟ ತೆಗೆದರೆ ಹಿನ್ನೆಲೆಯು ಗೆರೆಗೆರೆಯಾಗಿ, ನಾಯಿಯು ಸಾಕಷ್ಟು ಸ್ಪಷ್ಟವಾಗಿ ತೋರುವುದು. ಇದಕ್ಕೆ ಅಭ್ಯಾಸವು ಬೇಕು.

ಪಟಗಳಲ್ಲಿ ಹೆಚ್ಚಿನವು ಕೆಡುವುವು, ಅಧೈರ್ಯಪಡಬಾರದು. ಆದರೆ ನಾಯಿಯು ನಾಲಗೆ ಚಾಚಿ ಏದುಸಿರುಬಿಡತೊಡಗಿದರೆ ಕೆಲಸವನ್ನು ನಿಲ್ಲಿಸಿ ಅದಕ್ಕೆ ನೀರುಕೊಟ್ಟು ನೆರಳಿನಲ್ಲಿ ಮಲಗಗೊಡಿಸಿರಿ. ಅದರ ಸಂತೋಷವನ್ನು ಪಟದಲ್ಲಿ ಉಳಿಸಹೊರಟ ನಾವು ಅದನ್ನೇ ದಣಿಸುವುದು ತರವಲ್ಲ.

ಪ್ರಿಯ ಸಹೋದರಿಯರೇ, ನಾಯಿಯ ಆಯುಷ್ಯವು ನಮ್ಮದಕ್ಕಿಂತ ಬಹು ಚಿಕ್ಕದು; ಅದು ಚೆನ್ನಾಗಿ ಓಡಬಲ್ಲ ವರುಷಗಳು ಇನ್ನೂ ಕೆಲವೇ. ರಜೆ ಬರಲೆಂದು ನಾವು ಮುಂದೂಡಿದೆವು, ನೀವು ಮುಂದೂಡಬೇಡಿರಿ.