ಅಡ್ಡಗಲ್ಲಿನ ತಳ ನೋಡಿರಿ

ಬೆಟಗೇರಿಯ ಎತ್ತರದ ವೀರಗಲ್ಲುಗಳನ್ನು ನೀವು ನೋಡಿರಬೇಕು. ನೆಟ್ಟಗೆ ನಿಂತ ಕಲ್ಲು ತನ್ನ ಭಾರವನ್ನು ಸಲೀಸಾಗಿ ಹೊರುತ್ತದೆ. ಅಂಥದೇ ಕಲ್ಲನ್ನು ಬಾಗಿಲ ಮೇಲೆ ಅಡ್ಡ ಮಲಗಿಸಿ, ಮಣ್ಣಿನ ಮಾಳಿಗೆ ಹೇರಿದರೆ ಮಾತು ಬೇರೆ.

ಕಲ್ಲು ಒತ್ತಿದರೆ ತಾಳೀತು, ಜಗ್ಗಿದರೆ ತಾಳದು. ಜಗ್ಗಾಟ ತಾಳುವ ಶಕ್ತಿ ಸಾಮಾನ್ಯವಾಗಿ ಒತ್ತಡ ತಾಳುವ ಶಕ್ತಿಯ ಸುಮಾರು 10ನೆಯ ಒಂದು ಪಾಲು. ಹೊರೆ ಬಿದ್ದ ಅಡ್ಡಗಲ್ಲು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಮೇಲ್ಮೈ ಒತ್ತಿಕೊಳ್ಳುತ್ತದೆ, ತಳ ಜಗ್ಗುತ್ತದೆ. ಬಿರುಕು ಹುಟ್ಟುವುದು ತಳದಲ್ಲಿ, ಬಹುಮಟ್ಟಿಗೆ ನಟ್ಟನಡುವೆ. ಕಬ್ಬಿಣದಂತೆ ಬಾಗಿ ಮುನ್ಸೂಚನೆ ಕೊಡುವ ಗುಣ ಕಲ್ಲಿಗಿಲ್ಲ.

ಕಲ್ಲುಕುಟಿಗರು ಈ ದೌರ್ಬಲ್ಯವನ್ನೇ ದುಡಿಸಿಕೊಳ್ಳುತ್ತಾರೆ. ಸಾಲಾಗಿ ಕುಳಿ ತೋಡಿ ಬೆಣೆ ಬಡಿದರೆ ಬಂಡೆ ಗೆರೆ ಹಿಡಿದು ಸೀಳುತ್ತದೆ. ಸಿಡಿಮದ್ದಿನ ಹೊಡೆತಕ್ಕಾದರೋ ದಿಕ್ಕುದಿಕ್ಕಿಗೆ ಬಿರಿಯುತ್ತದೆ. ಬಾವಿಯಲ್ಲಿ ಸಿಡಿಸಿ ತೆಗೆದ ಕಲ್ಲು ಪುಕ್ಕಟೆ ಸಿಕ್ಕರೂ ಅಡ್ಡಗಲ್ಲಿಗೆ ಬೇಡ. ಕಪ್ಪತಗುಡ್ಡದ ಸೀಮೆಯ ಪದರುಗಲ್ಲು ಪದರಗುಂಟ ಬಿಡುವಂಥದು. ಗೋಡೆಗೆ ಪದರು ಮಲಗಿಸಿಯೇ ಇಡಿರಿ.

ಚಕ್ಕಡಿ ಒಳಗೆ ಬರಲೆಂದು ಬಾಗಿಲು ಅಗಲಿಸುವವರು ಒಂದು ಲೆಕ್ಕ ತಿಳಿದಿರಲಿ. ಹೊರೆ ಉದ್ದಕ್ಕೂ ಸಮನಾಗಿದ್ದರೆ, ಅಗಲ ಇಮ್ಮಡಿಯಾದಾಗ ತಳದ ಜಗ್ಗಾಟ ನಾಲ್ಮಡಿ. ಕಲ್ಲಿನ ದಪ್ಪ ಇಮ್ಮಡಿಯಾದರೆ ಮಾಳಿಗೆಯ ಹೊರೆಯಿಂದಾಗುವ ಜಗ್ಗಾಟ ಕಾಲು ಪಾಲಿಗೆ ಇಳಿಯುತ್ತದೆ.

ಮಳೆಗೆ ನೆನೆದ ಮಾಳಿಗೆ ಭಾರವಾಗುತ್ತದೆ. ಮೃಗಶಿರಾಕ್ಕೆ ಮೊದಲೇ ದನದ ಮನೆಯ ಅಡ್ಡಗಲ್ಲಿನ ತಳವನ್ನು ಒದ್ದೆ ಬಟ್ಟೆಯಿಂದ ಒರೆಸಿ ನೋಡಿರಿ. ಮೈ ಒಣಗಿದ ಮೇಲೂ ಬಿರುಕಿನಲ್ಲಿ ತೇವ ನಿಂತು ಕಪ್ಪು ಗೆರೆ ಕಾಣುತ್ತದೆ. ಕಂಡರೆ ಸುಣ್ಣ ಬಳಿದು ಮುಚ್ಚಬೇಡಿರಿ. ದನಗಳನ್ನು ಅಂದೇ ಹೊರಗೆ ಕಟ್ಟಿ, ಗೌಂಡಿಯನ್ನು ಕರೆಸಿ ಕೆಳಗೆ ಕಂಬ ಕೊಡಿಸಿರಿ.