ಕಲ್ನಾರಿನ ಎಳೆ ಮತ್ತು ಎದೆಪೊರೆಯ ಅರ್ಬುದ

ಕಲ್ನಾರು ಬೆಂಕಿಗೆ ಜಗ್ಗದ, ನಾರಿನಂತೆ ಸೀಳಬಹುದಾದ ಖನಿಜ. ಅದನ್ನು ಸಿಮೆಂಟಿನೊಡನೆ ಬೆರೆಸಿ ಮಾಡಿದ ಛಾವಣಿಯ ಶೀಟುಗಳನ್ನು ನಾವೆಲ್ಲ ಕಂಡಿದ್ದೇವೆ. ಅದರ ಸೂಕ್ಷ್ಮ ಎಳೆಗಳು ಉಸಿರಿನೊಡನೆ ಒಳಸೇರಿದರೆ, ಹಲವು ದಶಕಗಳ ಅನಂತರ ಶ್ವಾಸಕೋಶದ ಹೊರಪೊರೆಯಲ್ಲಿ ಅರ್ಬುದವು ತಲೆದೋರಬಹುದು. ಇದೇ ಮೀಸೋಥೀಲಿಯೋಮಾ. ದಕ್ಷಿಣ ಆಫ್ರಿಕದ ಕಲ್ನಾರು ಗಣಿಗಳ ಪ್ರದೇಶದಲ್ಲಿ ಕಂಡ 33 ರೋಗಿಗಳ ವಿವರವನ್ನು ವ್ಯಾಗ್ನರ್ ಮತ್ತು ಸಂಗಡಿಗರು 1960ರಲ್ಲಿ ಪ್ರಕಟಿಸಿದಾಗ ಈ ಸಂಬಂಧವು ಸ್ಪಷ್ಟವಾಯಿತು.

ಇದರ ಚಿಕಿತ್ಸೆ ಕಷ್ಟವೇಕೆ? ಉತ್ತರವು ಅರ್ಬುದದ ಆಕಾರದಲ್ಲಿದೆ. ಇದು ಒಂದೇ ಗಂಟಾಗಿ ಬೆಳೆಯದೆ, ಕಿತ್ತಳೆಯ ಸಿಪ್ಪೆಯಂತೆ ಶ್ವಾಸಕೋಶವನ್ನು ಸುತ್ತಿಕೊಳ್ಳುವುದು. ಶಸ್ತ್ರವೈದ್ಯರು ಪೊರೆಯನ್ನು ಸುಲಿದು ತೆಗೆದರೂ ಕಣ್ಣಿಗೆ ಕಾಣದ ಜೀವಕೋಶಗಳು ಉಳಿದುಬಿಡುವುವು. 2024ರಲ್ಲಿ ಪ್ರಕಟವಾದ ಬ್ರಿಟನ್ನಿನ ಮಾರ್ಸ್-2 ಪರೀಕ್ಷೆಯಲ್ಲಿ, ಔಷಧದ ಜೊತೆಗೆ ಇಂಥ ಶಸ್ತ್ರಕ್ರಿಯೆಗೂ ಒಳಗಾದವರು ಔಷಧವನ್ನು ಮಾತ್ರ ಪಡೆದವರಿಗಿಂತ ಹೆಚ್ಚು ಕಾಲ ಬದುಕಲಿಲ್ಲ. ವಿಕಿರಣಕ್ಕೂ ಇದೇ ತೊಡಕು: ಸಿಪ್ಪೆಯನ್ನು ಸುಡಹೊರಟರೆ ಒಳಗಿನ ತೊಳೆಯೂ ಬೇಯುವುದು. ಆದುದರಿಂದ ಅದನ್ನು ಬಹುಮಟ್ಟಿಗೆ ನೋವಿನ ಶಮನಕ್ಕಾಗಿ ಬಳಸುವರು.

ಹೀಗೆ ಹರಡಿದ ರೋಗವನ್ನು ರಕ್ತದ ಮೂಲಕವೇ ಮುಟ್ಟಬೇಕು. ಸಿಸ್‌ಪ್ಲಾಟಿನ್ ಒಂದನ್ನೇ ಪಡೆದವರಲ್ಲಿ ಬದುಕಿದ ಅವಧಿಯ ಮಧ್ಯಾಂಕವು 9.3 ತಿಂಗಳು, ಪೆಮೆಟ್ರೆಕ್ಸೆಡ್ ಕೂಡಿದಾಗ 12.1 ತಿಂಗಳು ಎಂದು 2003ರಲ್ಲಿ ತಿಳಿದುಬಂತು. ದೇಹದ ರಕ್ಷಕ ಕೋಶಗಳ ಕಡಿವಾಣವನ್ನು ಸಡಿಲಿಸುವ ನಿವೊಲುಮಾಬ್ ಮತ್ತು ಇಪಿಲಿಮುಮಾಬ್ ಜೋಡಿಗೆ 2020ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಆ ಪರೀಕ್ಷೆಯಲ್ಲಿ ಹಳೆಯ ಔಷಧಗಳ ಮಧ್ಯಾಂಕ 14.1 ತಿಂಗಳಾದರೆ, ಈ ಜೋಡಿಯದು 18.1. ಎದೆಯಲ್ಲಿ ತುಂಬಿದ ದ್ರವವನ್ನು ಹೊರತೆಗೆದು ಉಸಿರಾಟವನ್ನು ಹಗುರಗೊಳಿಸುವುದೂ ಚಿಕಿತ್ಸೆಯೇ.

ಈ ಲೆಕ್ಕವೆಲ್ಲ ತಿಂಗಳುಗಳದು ಎಂಬುದನ್ನು ವಾಚಕರು ಗಮನಿಸಬೇಕು. ಹಳೆಯ ಕಲ್ನಾರು ಶೀಟನ್ನು ಕೊಯ್ಯದೆ, ಒಡೆಯದೆ, ಧೂಳೆಬ್ಬಿಸದೆ ಇದ್ದರೆ ಉಳಿಯುವುದು ವರ್ಷಗಳು.